ಬದುಕುಳಿದವಳು ಯಾರ ಪ್ರತಿನಿಧಿ? ಕ್ಯಾರಲ್ ಕ್ಲೋವರ್ ಅವರ ‘ಮೆನ್, ವಿಮೆನ್, ಅಂಡ್ ಚೈನ್ ಸಾಸ್’

ಭಯಾನಕ ಚಿತ್ರಗಳ ಕುರಿತು ಬರೆಯುವವರು ಈಗ ‘ಫೈನಲ್ ಗರ್ಲ್’ ಎಂಬ ಮಾತನ್ನು ಬಿರುದು ಕೊಟ್ಟಂತೆ ಬಳಸುತ್ತಾರೆ. ಗೆಳೆಯರೆಲ್ಲ ಒಬ್ಬೊಬ್ಬರಾಗಿ ಕೊಲೆಯಾದ ಮೇಲೂ ಉಳಿದುಕೊಂಡು, ಓಡಿ, ಅಡಗಿ, ಕೊನೆಗೆ ಕೊಲೆಗಾರನಿಗೆ ಎದುರು ನಿಲ್ಲುವ ಯುವತಿಯನ್ನು ಆ ಹೆಸರಿನಿಂದ ಕರೆದು, ಅವಳು ಸ್ತ್ರೀಶಕ್ತಿಯ ಸಂಕೇತವೆಂದು ಹೇಳಿ ಮುಗಿಸುವುದು ವಾಡಿಕೆಯಾಗಿಬಿಟ್ಟಿದೆ. ಆದರೆ ಆ ಹೆಸರನ್ನು ಚಲಾವಣೆಗೆ ತಂದ ಪುಸ್ತಕವನ್ನು ಪೂರ್ತಿ ಓದಿದವರಿಗೆ ಹಾಗೆ ಹೇಳಲು ಅಷ್ಟು ಸುಲಭವಾಗಿ ಬಾಯಿ ಬಾರದು. ಕ್ಯಾರಲ್ ಜೆ. ಕ್ಲೋವರ್ ಅವರ ‘ಮೆನ್, ವಿಮೆನ್, ಅಂಡ್ ಚೈನ್ ಸಾಸ್’ 1992ರಲ್ಲಿ ಪ್ರಿನ್ಸ್‌ಟನ್ ಯೂನಿವರ್ಸಿಟಿ ಪ್ರೆಸ್‌ನಿಂದ ಪ್ರಕಟವಾಯಿತು; 2015ರಲ್ಲಿ ಅದೇ ಪ್ರಕಾಶನ ಅದನ್ನು ತನ್ನ ಕ್ಲಾಸಿಕ್ಸ್ ಮಾಲೆಗೆ ಸೇರಿಸಿ, ಲೇಖಕಿಯ ಹೊಸ ಮುನ್ನುಡಿಯೊಂದಿಗೆ ಮತ್ತೆ ಹೊರತಂದಿತು. ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಈ ಎರಡನೆಯ ಆವೃತ್ತಿಯನ್ನು. ಪುಸ್ತಕವೂ ಈ ಬರಹವೂ ಹಲವು ಚಿತ್ರಗಳ ಅಂತ್ಯವನ್ನು ಬಿಚ್ಚಿಡುತ್ತವೆ. ಆ ಚಿತ್ರಗಳನ್ನು ಇನ್ನೂ ನೋಡದವರು ಇದನ್ನು ಗಮನದಲ್ಲಿಟ್ಟುಕೊಂಡು ಮುಂದುವರಿಯುವುದು ಒಳ್ಳೆಯದು.

ಕ್ಲೋವರ್ ಮೂಲತಃ ಚಲನಚಿತ್ರ ವಿಮರ್ಶಕಿಯಲ್ಲ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮಧ್ಯಯುಗದ ಸ್ಕ್ಯಾಂಡಿನೇವಿಯಾದ ಸಾಹಿತ್ಯವನ್ನು, ಅಂದರೆ ಐಸ್‌ಲ್ಯಾಂಡಿನ ಸಾಗಾಗಳೆಂಬ ಹಳೆಯ ಗದ್ಯಕಥೆಗಳನ್ನು ಅಭ್ಯಾಸ ಮಾಡಿದವರು. ಗೆಳೆಯರೊಬ್ಬರು ‘ನಿಮ್ಮಿಂದಾಗುವುದಿಲ್ಲ’ ಎಂಬಂತೆ ಸವಾಲು ಹಾಕಿದ್ದರಿಂದ 1985ರಲ್ಲಿ ‘ದ ಟೆಕ್ಸಸ್ ಚೈನ್ ಸಾ ಮ್ಯಾಸಕರ್’ ನೋಡಲು ಹೋದವರು, ನೋಡಿ ಬೆಚ್ಚಿದ್ದಲ್ಲದೆ ಅದರ ಬಗ್ಗೆ ಯೋಚಿಸುವುದನ್ನು ನಿಲ್ಲಿಸಲಾಗದೆ ಈ ಪುಸ್ತಕದವರೆಗೆ ಬಂದರು. ಈ ಹಿನ್ನೆಲೆ ಕೇವಲ ಸ್ವಾರಸ್ಯದ ಸಂಗತಿಯಲ್ಲ. ಪುಸ್ತಕದ ಅತಿ ದೊಡ್ಡ ಬಲ ಇರುವುದೇ ಇಲ್ಲಿ. ಇತರ ವಿಮರ್ಶಕರು ಅಗ್ಗದ ಕೊಲೆಗಾರ ಚಿತ್ರಗಳನ್ನು ನೋಡಿ ‘ಎಲ್ಲವೂ ಒಂದೇ ಥರ’ ಎಂದು ಮೂಗು ಮುರಿದ ಕಡೆ, ಹಳೆಯ ಹಸ್ತಪ್ರತಿಗಳನ್ನೂ ಬಾಯಿಂದ ಬಾಯಿಗೆ ಹರಿದ ಕಥೆಗಳನ್ನೂ ಓದಿ ಪಳಗಿದ ಈ ವಿದ್ವಾಂಸೆಗೆ ಒಂದೇ ಥರ ಇರುವುದೇ ಅಭ್ಯಾಸಯೋಗ್ಯ ಎನಿಸಿತು. ಜಾನಪದ ಕಥೆಯಲ್ಲಿರುವಂತೆ ಇಲ್ಲಿಯೂ ಮೂಲಪಾಠವೆಂಬುದು ಇಲ್ಲ, ಇರುವುದೆಲ್ಲ ಪಾಠಾಂತರಗಳೇ ಎಂಬುದು ಅವರ ನಿಲುವು. ಒಂದು ಚಿತ್ರದ ಎರಡನೆಯ ಭಾಗ, ಮೂರನೆಯ ಭಾಗ, ಅನುಕರಣೆ, ಮರುನಿರ್ಮಾಣ ಇವೆಲ್ಲ ಕೇವಲ ಹಣದಾಸೆಯಿಂದ ಹುಟ್ಟಿದ್ದರೂ, ಅವು ಏನನ್ನು ಉಳಿಸಿಕೊಳ್ಳುತ್ತವೆ, ಏನನ್ನು ಬದಲಿಸುತ್ತವೆ ಎಂಬುದರಲ್ಲಿ ಒಂದು ಸಮಾಜದ ಮನಸ್ಸು ಕಾಣಿಸುತ್ತದೆ.

ಈ ದೃಷ್ಟಿಗೆ ಪುಸ್ತಕದ ಹೊರಗಿನ ಒಂದು ಉದಾಹರಣೆಯನ್ನು ನಾನೇ ಕೊಡಬಹುದು. 1968ರ ‘ನೈಟ್ ಆಫ್ ದ ಲಿವಿಂಗ್ ಡೆಡ್’ ಚಿತ್ರದ ಬಾರ್ಬ್ರಾ ಅಣ್ಣ ಸತ್ತ ಆಘಾತದಿಂದ ಬಹುಪಾಲು ಚಿತ್ರದುದ್ದಕ್ಕೂ ಕಲ್ಲಿನಂತೆ ಕುಳಿತಿರುತ್ತಾಳೆ, ಕೊನೆಗೆ ಆ ಅಣ್ಣನ ಶವವೇ ಬಂದು ಅವಳನ್ನು ಎಳೆದೊಯ್ಯುತ್ತದೆ. ಅದೇ ಕಥೆಯನ್ನು 1990ರಲ್ಲಿ ಮತ್ತೆ ತೆರೆಗೆ ತಂದಾಗ ಬಾರ್ಬರಾ ಬಂದೂಕು ಹಿಡಿದು ಹೋರಾಡುತ್ತಾಳೆ, ಬದುಕಿ ಹೊರಗೆ ಬರುತ್ತಾಳೆ. ಕಥೆ ಅದೇ, ಮನೆ ಅದೇ, ಹೆಣಗಳೂ ಅವೇ. ನಡುವಿನ ಎರಡು ದಶಕಗಳಲ್ಲಿ ಬದಲಾದದ್ದು ಭಯಾನಕ ಚಿತ್ರದಲ್ಲಿ ಹೆಣ್ಣು ಏನು ಮಾಡಬೇಕು ಎಂಬ ರೂಢಿ. ಆ ರೂಢಿ ಹೇಗೆ ಬದಲಾಯಿತು, ಏಕೆ ಬದಲಾಯಿತು ಎಂಬುದೇ ಕ್ಲೋವರ್ ಅವರ ವಸ್ತು.

ಮೊದಲ ಅಧ್ಯಾಯ 1987ರಲ್ಲಿ ‘ರೆಪ್ರೆಸೆಂಟೇಶನ್ಸ್’ ಪತ್ರಿಕೆಯಲ್ಲಿ ಬಂದ ‘ಹರ್ ಬಾಡಿ, ಹಿಮ್‌ಸೆಲ್ಫ್’ ಎಂಬ ಪ್ರಬಂಧದ ಪುಸ್ತಕರೂಪ. ಸ್ಲ್ಯಾಷರ್ ಎಂಬ ಉಪಪ್ರಕಾರವನ್ನು, ಅಂದರೆ ಮುಖವಾಡದ ಅಥವಾ ಮರೆಯಲ್ಲಿರುವ ಕೊಲೆಗಾರನೊಬ್ಬ ಹರೆಯದವರನ್ನು ಸಾಲಾಗಿ ಕೊಲ್ಲುವ ಚಿತ್ರಗಳನ್ನು, ಅದು ಅಂಗಾಂಗವಾಗಿ ಬಿಡಿಸಿ ನೋಡುತ್ತದೆ. 1960ರ ‘ಸೈಕೋ’ ಈ ಮನೆತನದ ಹಿರಿಯ. 1974ರ ‘ಟೆಕ್ಸಸ್ ಚೈನ್ ಸಾ’, 1978ರ ‘ಹ್ಯಾಲೋವೀನ್’ ಅದಕ್ಕೆ ರೂಪ ಕೊಟ್ಟವು. 1980ರ ‘ಫ್ರೈಡೇ ದ ಥರ್ಟೀನ್ತ್’ ನಂತರ ಅನುಕರಣೆಗಳ ಪ್ರವಾಹ. ಕೊಲೆಗಾರ ಸಾಮಾನ್ಯವಾಗಿ ಬಾಲ್ಯದಲ್ಲೇ ನಿಂತುಹೋದ ಗಂಡಸು, ಅವನ ಗಂಡಸುತನದಲ್ಲೇ ಏನೋ ಮುಕ್ಕಾಗಿರುತ್ತದೆ. ಎಲ್ಲ ಎಳೆಗಳೂ ಬಂದು ಸೇರುವ ಒಂದು ಭೀಕರ ಸ್ಥಳ ಇರುತ್ತದೆ, ಹೆಚ್ಚಾಗಿ ಒಂದು ಮನೆ ಅಥವಾ ನೆಲಮಾಳಿಗೆ. ಆಯುಧಗಳ ಬಗ್ಗೆ ಕ್ಲೋವರ್ ಗಮನಿಸಿದ್ದು ಒಮ್ಮೆ ಓದಿದರೆ ಮರೆಯುವಂಥದ್ದಲ್ಲ: ಚಾಕು, ಕೊಡಲಿ, ಸುತ್ತಿಗೆ, ಗರಗಸ, ಐಸ್ ಒಡೆಯುವ ಮೊನೆ ಇವೆಲ್ಲ ಉಂಟು, ಬಂದೂಕಿಗೆ ಮಾತ್ರ ಈ ಲೋಕದಲ್ಲಿ ಮರ್ಯಾದೆ ಇಲ್ಲ. ಕೊಲ್ಲುವವನೂ ಕೊಲೆಯಾಗುವವರೂ ಮೈಗೆ ಮೈ ತಾಗುವಷ್ಟು ಹತ್ತಿರ ಬರಬೇಕು ಎಂಬುದು ಈ ಪ್ರಕಾರದ ಮೊದಲ ನಿಯಮ.

ಕೊಲೆಗಳ ವಿಷಯದಲ್ಲಿ ಗಂಡು ಹೆಣ್ಣಿನ ನಡುವೆ ಇರುವ ತಾರತಮ್ಯವನ್ನು ಅವರು ಚೆನ್ನಾಗಿ ಹಿಡಿದಿದ್ದಾರೆ. ಹುಡುಗರು ಸಾಯುವುದು ಥಟ್ಟನೆ, ದೂರದಲ್ಲಿ, ಕತ್ತಲಲ್ಲಿ, ಕೆಲವೊಮ್ಮೆ ತೆರೆಯ ಹೊರಗೇ. ಹುಡುಗಿಯರು ಸಾಯುವುದು ಹತ್ತಿರದಿಂದ, ವಿವರವಾಗಿ, ಬಹಳ ಹೊತ್ತು. ಸತ್ತವರ ಲೆಕ್ಕ ಹಾಕಿದರೆ ಇದು ಕಾಣುವುದಿಲ್ಲ. 1990ರಲ್ಲಿ ಪ್ರಕಟವಾದ, 56 ಸ್ಲ್ಯಾಷರ್ ಚಿತ್ರಗಳನ್ನು ಪರಿಶೀಲಿಸಿದ ಒಂದು ಅಧ್ಯಯನದಲ್ಲಿ ಹೆಂಗಸರು ಗಂಡಸರಿಗಿಂತ ಹೆಚ್ಚಾಗಿ ಬಲಿಯಾಗುತ್ತಾರೆ ಎಂಬ ನಂಬಿಕೆಗೆ ಆಧಾರ ಸಿಗಲಿಲ್ಲ. ಆದರೆ ಬದುಕುಳಿಯದ ಹೆಂಗಸರನ್ನು ಬದುಕುಳಿದವರಿಗಿಂತ ಹೆಚ್ಚು ಲೈಂಗಿಕವಾಗಿ ಚಿತ್ರಿಸಲಾಗಿತ್ತು ಎಂಬುದು ಕಂಡುಬಂತು. ಮಾಧ್ಯಮದಲ್ಲಿ ಮಹಿಳೆಯರ ಪ್ರಾತಿನಿಧ್ಯದ ಚರ್ಚೆ ಬಹುಮಟ್ಟಿಗೆ ಎಣಿಕೆಯ ಚರ್ಚೆಯಾಗಿರುವುದರಿಂದ ಈ ಮಾತು ಮುಖ್ಯವಾಗುತ್ತದೆ. ತೆರೆಯ ಮೇಲಿನ ಲಿಂಗ ಪ್ರಾತಿನಿಧ್ಯವನ್ನು ಅಧ್ಯಯನ ಮಾಡುವ ಜೀನಾ ಡೇವಿಸ್ ಇನ್‌ಸ್ಟಿಟ್ಯೂಟ್ ಮತ್ತು ಗೂಗಲ್ ಸೇರಿ ಕಂಪ್ಯೂಟರಿನ ನೆರವಿನಿಂದ ಹೆಚ್ಚು ಹಣ ಗಳಿಸಿದ ಹಾಲಿವುಡ್ ಚಿತ್ರಗಳನ್ನು ಅಳೆದಾಗ ಮಹಿಳೆಯರು ತೆರೆಯ ಮೇಲೆ ಕಾಣಿಸಿಕೊಂಡ ಸಮಯ ಒಟ್ಟಾರೆ ಶೇ. 36ರಷ್ಟು ಮಾತ್ರವಿತ್ತು, ಗಂಡಸರಿಗಿಂತ ಹೆಂಗಸರೇ ಹೆಚ್ಚು ಹೊತ್ತು ಕಾಣಿಸಿಕೊಂಡ ಏಕೈಕ ಪ್ರಕಾರ ಹಾರರ್ ಆಗಿತ್ತು. ಅಂಕಿಯನ್ನಷ್ಟೇ ನೋಡಿದರೆ ಭಯಾನಕ ಚಿತ್ರವೇ ಹಾಲಿವುಡ್ಡಿನ ಅತ್ಯಂತ ಸಮಾನತೆಯ ತಾಣವೆಂದು ಕುಣಿಯಬೇಕಾಗುತ್ತದೆ. ಆ ಹೊತ್ತೆಲ್ಲ ಅವಳು ಏನು ಮಾಡುತ್ತಿದ್ದಾಳೆ, ಯಾರ ಕಣ್ಣಿನಿಂದ ನಾವು ಅವಳನ್ನು ನೋಡುತ್ತಿದ್ದೇವೆ ಎಂದು ಕೇಳಲು ಕ್ಲೋವರ್ ಬೇಕಾಗುತ್ತಾರೆ.

ಅವರು ಕೇಳುವ ಮುಖ್ಯ ಪ್ರಶ್ನೆ ಸರಳವಾಗಿದೆ. ಈ ಚಿತ್ರಗಳ ಪ್ರೇಕ್ಷಕರಲ್ಲಿ ಹೆಚ್ಚಿನವರು ಹರೆಯದ ಹುಡುಗರು. ಕಥೆಯ ಕೇಂದ್ರದಲ್ಲಿರುವುದು ಹೆದರಿ ಓಡುವ ಹುಡುಗಿ. ಹಾಗಾದರೆ ಆ ಹುಡುಗರು ಯಾರ ಪಕ್ಷ? ಅಲ್ಲಿಯವರೆಗೆ ಚಾಲ್ತಿಯಲ್ಲಿದ್ದ ಉತ್ತರ ಬ್ರಿಟಿಷ್ ಚಿತ್ರಸಿದ್ಧಾಂತಿ ಲಾರಾ ಮಲ್ವಿ ಅವರ 1975ರ ಪ್ರಸಿದ್ಧ ಪ್ರಬಂಧದಿಂದ ಬಂದದ್ದು: ಕ್ಯಾಮೆರಾದ ನೋಟ ಗಂಡಿನ ನೋಟ, ಹೆಣ್ಣು ನೋಡಿಸಿಕೊಳ್ಳುವವಳು, ಆ ನೋಟದಲ್ಲಿ ಹಿಂಸೆಯ ಸುಖವಿದೆ. ಹಾಗಿದ್ದ ಮೇಲೆ ಹುಡುಗರು ಕೊಲೆಗಾರನ ಜೊತೆಗೇ ಇರಬೇಕಲ್ಲ. ಕ್ಲೋವರ್ ಇದನ್ನು ಒಪ್ಪುವುದಿಲ್ಲ, ಆದರೆ ಅಲ್ಲಗಳೆಯುವ ಮೊದಲು ಅದಕ್ಕೆ ನ್ಯಾಯ ಒದಗಿಸುತ್ತಾರೆ.

ಅವರ ವಾದ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ‘ಹ್ಯಾಲೋವೀನ್’ ಒಂದೇ ಸಾಕು. ಚಿತ್ರ ತೆರೆದುಕೊಳ್ಳುವುದೇ ಯಾರದೋ ಕಣ್ಣಿನಿಂದ. ಆ ಕಣ್ಣು ಒಂದು ಮನೆಯನ್ನು ಹೊರಗಿನಿಂದ ದಿಟ್ಟಿಸುತ್ತದೆ, ಕಿಟಕಿಯಲ್ಲಿ ಜೋಡಿಯೊಂದನ್ನು ನೋಡುತ್ತದೆ, ಮನೆಯನ್ನು ಸುತ್ತಿಕೊಂಡು ಹಿಂದಿನಿಂದ ಅಡುಗೆಮನೆಗೆ ನುಗ್ಗುತ್ತದೆ. ಒಂದು ಕೈ ಚೌಕಟ್ಟಿನೊಳಗೆ ಬಂದು ಚಾಕು ಎತ್ತಿಕೊಳ್ಳುತ್ತದೆ. ಮೆಟ್ಟಿಲು ಹತ್ತಿದ ಮೇಲೆ ನೆಲದಲ್ಲಿ ಬಿದ್ದ ಮುಖವಾಡವನ್ನು ಹಾಕಿಕೊಂಡ ಕ್ಷಣದಿಂದ ಇಡೀ ತೆರೆ ಕಪ್ಪಾಗಿ, ಎರಡು ತೂತುಗಳಷ್ಟೇ ಉಳಿಯುತ್ತವೆ. ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಿರುವ ಹುಡುಗಿ ಆ ತೂತುಗಳಲ್ಲಿ ಸಾಯುತ್ತಾಳೆ. ಕೆಳಗಿಳಿದು ಹೊರಗೆ ಬಂದಾಗ ತಂದೆ ಮುಖವಾಡ ಕಿತ್ತುತೆಗೆಯುತ್ತಾನೆ, ಆಗ ಮೊದಲ ಬಾರಿಗೆ ನಾವು ಆ ಕಣ್ಣಿನ ಒಡೆಯನನ್ನು ನೋಡುತ್ತೇವೆ: ಆರು ವರ್ಷದ ಹುಡುಗ, ಸತ್ತವಳ ತಮ್ಮ. ಇಷ್ಟರ ಆಧಾರದ ಮೇಲೆ ಪ್ರೇಕ್ಷಕ ಕೊಲೆಗಾರನೇ ಆಗಿಬಿಡುತ್ತಾನೆ ಎಂದು ಹಲವರು ಬರೆದರು. ಆದರೆ ಆ ನೋಟ ಎಷ್ಟು ಅಸ್ಥಿರ, ಎಷ್ಟು ಅಪೂರ್ಣ ಎಂಬುದರತ್ತ ಕ್ಲೋವರ್ ಬೆರಳು ಮಾಡುತ್ತಾರೆ. ಅವನ ಕಣ್ಣು ಸಿಕ್ಕಿತೇ ಹೊರತು ಅವನ ಮನಸ್ಸು ಸಿಗಲಿಲ್ಲ. ಚಿತ್ರದ ಕೊನೆಯ ಭಾಗಕ್ಕೆ ಬನ್ನಿ. ಲಾರಿ ಎಂಬ ಹುಡುಗಿ ಬಟ್ಟೆಯ ಕಪಾಟಿನೊಳಗೆ ಅವಿತಿದ್ದಾಳೆ, ಈಗ ಕ್ಯಾಮೆರಾ ಅವಳೊಂದಿಗೆ ಒಳಗಿದೆ. ಬಾಗಿಲಿನ ಪಟ್ಟಿಗಳನ್ನು ಮುರಿದು ಕೈಯೊಂದು ಒಳಕ್ಕೆ ಬರುತ್ತದೆ. ಅವಳು ನಡುಗುವ ಕೈಗಳಿಂದ ತಂತಿಯ ಹ್ಯಾಂಗರನ್ನು ನೇರ ಮಾಡಿ ಅವನ ಕಣ್ಣಿಗೇ ಚುಚ್ಚುತ್ತಾಳೆ. ಕಣ್ಣಿನಿಂದ ಶುರುವಾದದ್ದು ಕಣ್ಣಿನಲ್ಲೇ ಮುಗಿಯಿತು. ಆ ಹೊತ್ತಿಗೆ ಚಿತ್ರಮಂದಿರದಲ್ಲಿ ಕುಳಿತ ಹುಡುಗರೆಲ್ಲ ಅವಳ ಉಸಿರಿನೊಂದಿಗೆ ಉಸಿರಾಡುತ್ತಿರುತ್ತಾರೆ.

ಅಂದರೆ ಗಂಡು ಪ್ರೇಕ್ಷಕ ಹೆಣ್ಣು ಪಾತ್ರದೊಂದಿಗೆ ತನ್ನನ್ನು ಗುರುತಿಸಿಕೊಳ್ಳುತ್ತಾನೆ, ಅದೂ ಅವಳ ನೋವಿನೊಂದಿಗೆ. ಈ ಚಿತ್ರಗಳ ಸುಖ ಹಿಂಸೆ ಕೊಡುವ ಸುಖವಲ್ಲ, ಹಿಂಸೆ ಪಡುವ ಸುಖ ಎಂಬುದು ಪುಸ್ತಕದ ಎದೆಗುಂಡಿಗೆ. ಅದಕ್ಕಾಗಿಯೇ ಆ ಹುಡುಗಿಯನ್ನು ಅಷ್ಟು ಎಚ್ಚರಿಕೆಯಿಂದ ರೂಪಿಸಲಾಗುತ್ತದೆ. ಅವಳು ಗೆಳತಿಯರಂತೆ ಪ್ರೇಮಸಲ್ಲಾಪದಲ್ಲಿ ತೊಡಗಿರುವುದಿಲ್ಲ, ಓದಿನವಳು, ಸುತ್ತ ಏನಾಗುತ್ತಿದೆ ಎಂದು ಗಮನಿಸುವವಳು. ಸ್ಟೀವಿ, ಮಾರ್ಟಿ, ಟೆರಿ, ಮ್ಯಾಕ್ಸ್ ಎಂಬಂಥ ಅರ್ಧ ಗಂಡುಹೆಸರುಗಳೇ ಅವಳಿಗೆ. ಹುಡುಗನೊಬ್ಬ ತೆರೆಯ ಮೇಲೆ ಹಾಗೆ ಅತ್ತು, ಕಿರುಚಿ, ಬೇಡಿಕೊಳ್ಳುವುದನ್ನು ನಮ್ಮ ಲೋಕ ಸಹಿಸುವುದಿಲ್ಲ. ಆದ್ದರಿಂದ ಆ ಭಯವನ್ನು ಹುಡುಗರ ಪರವಾಗಿ ಒಬ್ಬ ಹುಡುಗಿ ಅನುಭವಿಸುತ್ತಾಳೆ. ಮೂಲ ಪುಸ್ತಕದ ಪೀಠಿಕೆಯಲ್ಲಿ ‘ಕ್ಯಾರಿ’ ಚಿತ್ರವನ್ನು ಎತ್ತಿಕೊಂಡು ಕ್ಲೋವರ್ ಇದನ್ನೇ ಬೇರೆ ದಾರಿಯಿಂದ ತೋರಿಸುತ್ತಾರೆ. ಕ್ಯಾರಿಯ ಸಂಕಟ ಆರಂಭವಾಗುವುದು ಮುಟ್ಟಿನ ರಕ್ತದಿಂದ, ಅದಕ್ಕಿಂತ ಹೆಣ್ಣಿನದಾದ ಅನುಭವ ಇರಲಾರದು. ಆದರೂ ಮೂಲ ಕಾದಂಬರಿಕಾರ ಸ್ಟೀಫನ್ ಕಿಂಗ್ ಅವಳನ್ನು ವಿವರಿಸುವಾಗ ಶಾಲೆಯಲ್ಲಿ ಚಡ್ಡಿ ಎಳೆಸಿಕೊಂಡು ಅವಮಾನಿತನಾದ ಯಾವುದೇ ಹುಡುಗನ ನೆನಪು ತರುತ್ತಾರೆ.

ಹೀಗಾಗಿ ‘ಫೈನಲ್ ಗರ್ಲ್’ ಸ್ತ್ರೀವಾದದ ಗೆಲುವು ಎಂದು ಚಪ್ಪಾಳೆ ತಟ್ಟುವುದು ಬರೀ ಬಯಕೆಯಿಂದ ಹುಟ್ಟಿದ ವಿಕಾರವಾದ ಭ್ರಮೆ ಎಂದು ಕ್ಲೋವರ್ ಮೊದಲ ಅಧ್ಯಾಯದಲ್ಲೇ ಕಟುವಾಗಿ ಹೇಳುತ್ತಾರೆ. ‘ಏಲಿಯನ್ಸ್’ ಚಿತ್ರದ ನಾಯಕಿ ರಿಪ್ಲಿಯನ್ನು ಹಾಗೆ ಹೊಗಳಿದವರನ್ನೂ ಅವರು ಬಿಡುವುದಿಲ್ಲ. ಇಷ್ಟು ಸ್ಪಷ್ಟವಾಗಿ ಬರೆದಿದ್ದರೂ ಅವರ ಮಾತನ್ನೇ ಕಿತ್ತುಕೊಂಡು ಅದಕ್ಕೆ ತದ್ವಿರುದ್ಧವಾದ ಅರ್ಥ ಹಚ್ಚಲಾಯಿತು ಎಂಬುದು ಈ ಪುಸ್ತಕದ ಹಣೆಬರಹ. 2015ರ ಮುನ್ನುಡಿಯಲ್ಲಿ ಲೇಖಕಿ ಇದಕ್ಕೆ ಬೇಸರಪಡುವ ರೀತಿ ನನಗೆ ಇಷ್ಟವಾಯಿತು. ಹುಡುಗಿ ಕೊನೆಯ ಕೆಲವು ನಿಮಿಷ ಹೋರಾಡುತ್ತಾಳೆ ನಿಜ, ಆದರೆ ಅದಕ್ಕೂ ಮೊದಲು ಅವಳು ಅನುಭವಿಸಿದ ಯಾತನೆಯೇ ಚಿತ್ರದ ಬಹುಭಾಗ, ಅದನ್ನು ಮರೆತು ಅವಳನ್ನು ನಾಯಕಿ ಮಾಡಬೇಡಿ ಎಂಬುದು ಅವರ ತಕರಾರಿನ ಸಾರ. ‘ಟೆಕ್ಸಸ್ ಚೈನ್ ಸಾ’ದ ಸ್ಯಾಲಿಯನ್ನು ನೆನೆದರೆ ಈ ತಕರಾರು ನ್ಯಾಯವೆನಿಸುತ್ತದೆ. ಅವಳು ಯಾರನ್ನೂ ಸೋಲಿಸುವುದಿಲ್ಲ. ಎರಡು ಸಲ ಗಾಜಿನ ಕಿಟಕಿ ಒಡೆದು ಹಾರಿ, ದಾರಿಹೋಕನ ಟ್ರಕ್ಕಿನ ಹಿಂಬದಿಗೆ ಹತ್ತಿ, ಮೈಯೆಲ್ಲ ರಕ್ತವಾಗಿ ಹುಚ್ಚಿಯಂತೆ ನಗುತ್ತ ದೂರವಾಗುತ್ತಾಳೆ. ಗೆಲುವೆಂಬುದು ಅಲ್ಲಿ ಎಲ್ಲಿದೆ?

ಎರಡನೆಯ ಅಧ್ಯಾಯ ದೆವ್ವ ಮೆಟ್ಟಿಕೊಳ್ಳುವ ಚಿತ್ರಗಳದ್ದು. ತುಸು ಉದ್ದವಾಯಿತು, ಕೆಲವು ಸಾಮಾನ್ಯ ಚಿತ್ರಗಳಿಗೆ ಅವುಗಳ ಯೋಗ್ಯತೆಗೆ ಮೀರಿದ ಪುಟಗಳು ಸಿಕ್ಕಿವೆ. ಆದರೆ ‘ದಿ ಎಕ್ಸಾರ್ಸಿಸ್ಟ್’ ಕುರಿತ ವಿಶ್ಲೇಷಣೆ ಆ ಚಿತ್ರವನ್ನು ಹಲವು ಸಲ ನೋಡಿದವರಿಗೂ ಹೊಸದೆನಿಸುವಂತಿದೆ. ಎಲ್ಲರ ನೆನಪಿನಲ್ಲಿ ಉಳಿದಿರುವುದು ಹನ್ನೆರಡು ವರ್ಷದ ರೇಗನ್‌ಳ ವಿಕಾರಗೊಂಡ ಮುಖ. ಚಿತ್ರ ನಿಜಕ್ಕೂ ಯಾರ ಕಥೆ ಎಂದು ಕೇಳಿದರೆ ತಾಯಿಯನ್ನು ಕಳೆದುಕೊಂಡು, ದೇವರಲ್ಲಿ ನಂಬಿಕೆ ಕಳೆದುಕೊಂಡು ಒದ್ದಾಡುತ್ತಿರುವ ಪಾದ್ರಿ ಕ್ಯಾರಸ್‌ನದು. ರೇಗನ್‌ಳ ಹೊಟ್ಟೆಯ ಚರ್ಮದ ಮೇಲೆ ‘ನನ್ನನ್ನು ಕಾಪಾಡಿ’ ಎಂಬರ್ಥದ ಅಕ್ಷರಗಳು ಉಬ್ಬಿ ಮೂಡುವ ದೃಶ್ಯವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡಬೇಕು: ಹುಡುಗಿಯ ಮೈ ಇಲ್ಲಿ ಬರೆಯುವ ಹಾಳೆಯಾಗಿದೆ, ಆ ಬರಹವನ್ನು ಓದಲು ಕರೆತರುವುದು ಪಾದ್ರಿಯನ್ನು, ಅದನ್ನು ಓದಿ ಬದಲಾಗಬೇಕಾದವನೂ ಅವನೇ. ವೈದ್ಯರ ಯಂತ್ರಗಳು ಸೋಲುತ್ತವೆ, ವಿಚಾರವಾದಿ ಗಂಡಸು ಅತೀಂದ್ರಿಯವನ್ನು ಒಪ್ಪಿಕೊಳ್ಳುವಷ್ಟು ಮೆತ್ತಗಾಗುತ್ತಾನೆ, ದೆವ್ವವನ್ನು ತನ್ನೊಳಕ್ಕೆ ಕರೆದು ಕಿಟಕಿಯಿಂದ ಹಾರುತ್ತಾನೆ. ಹೆಣ್ಣಿನ ದೇಹ ಬಾಗಿಲಿನಂತೆ ತೆರೆದುಕೊಳ್ಳುವುದು ಗಂಡಿನ ಮನಸ್ಸು ತೆರೆಯಲಿ ಎಂದು. ಈ ಸೂತ್ರ ಕೈಗೆ ಸಿಕ್ಕ ಮೇಲೆ ದೆವ್ವ ಬಿಡಿಸುವ ಯಾವುದೇ ಚಿತ್ರವನ್ನು ಮೊದಲಿನಂತೆ ನೋಡಲು ಕಷ್ಟ.

ಪುಸ್ತಕದ ಅತ್ಯುತ್ತಮ ಭಾಗ ನನ್ನ ಮಟ್ಟಿಗೆ ಮೂರನೆಯ ಅಧ್ಯಾಯ, ಅತ್ಯಾಚಾರ ಮತ್ತು ಪ್ರತೀಕಾರದ ಚಿತ್ರಗಳ ಬಗ್ಗೆ ಬರೆದದ್ದು. ಓದಲು ಅತ್ಯಂತ ಕಷ್ಟವಾದದ್ದೂ ಅದೇ. ಚಿತ್ರಗಳಲ್ಲಿನ ಹಿಂಸೆಯ ವಿವರಗಳನ್ನು ಲೇಖಕಿ ಮುಚ್ಚಿಡದೆ ಬರೆಯುತ್ತಾರೆ. ‘ಐ ಸ್ಪಿಟ್ ಆನ್ ಯುವರ್ ಗ್ರೇವ್’ ಎಂಬ 1978ರ ಚಿತ್ರವನ್ನು ಬಹುಪಾಲು ವಿಮರ್ಶಕರು ಹೊಲಸೆಂದು ತಳ್ಳಿಹಾಕಿದ್ದರು. ಕ್ಲೋವರ್ ಅದನ್ನು ಹೊಗಳಲು ಹೋಗುವುದಿಲ್ಲ, ಆದರೆ ಅದಕ್ಕೆ ಹತ್ತು ವರ್ಷದ ನಂತರ ಬಂದ, ನಟಿ ಜೋಡಿ ಫಾಸ್ಟರ್ ಅವರಿಗೆ ಆಸ್ಕರ್ ತಂದುಕೊಟ್ಟ ‘ದಿ ಅಕ್ಯೂಸ್ಡ್’ ಚಿತ್ರದ ಪಕ್ಕದಲ್ಲಿ ಅದನ್ನು ಇಡುತ್ತಾರೆ. ಹೋಲಿಕೆಯಿಂದ ಹೊರಬೀಳುವ ಸಂಗತಿ ಚುರುಕಾಗಿದೆ. ಗೌರವಾನ್ವಿತ ಚಿತ್ರದಲ್ಲಿ ಅತ್ಯಾಚಾರ ತೆರೆಯ ಮೇಲೆ ಬರುವುದು ಅದನ್ನು ನೋಡುತ್ತ ನಿಂತಿದ್ದ ಯುವಕನೊಬ್ಬ ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವಾಗ ಮಾತ್ರ. ಹೆಂಗಸು ತಾನೇ ಹೇಳಿದ್ದು ಸಾಲಲಿಲ್ಲ, ಗಂಡಸು ಹೇಳಿದ ಮೇಲೆ ಅದು ಸತ್ಯವಾಯಿತು. ವಕೀಲರು, ಸಾಕ್ಷಿಗಳು, ತೀರ್ಪು ಇವುಗಳ ನಡುವೆ ಅವಳು ತನ್ನದೇ ಕಥೆಯಲ್ಲಿ ಒಬ್ಬ ಪಾತ್ರವಾಗುತ್ತಾಳೆ. ಹೊಲಸೆನಿಸಿಕೊಂಡ ಚಿತ್ರದಲ್ಲಿ ಪೊಲೀಸರಿಲ್ಲ, ನ್ಯಾಯಾಲಯವಿಲ್ಲ, ಅವಳ ಮಾತನ್ನು ಅನುಮಾನಿಸುವ ಯಾರೂ ಇಲ್ಲ. ಆದದ್ದನ್ನು ನಾವು ನೋಡಿದ್ದೇವೆ, ಅವಳು ಲೆಕ್ಕ ತೀರಿಸುತ್ತಾಳೆ. ದೊಡ್ಡ ಬಜೆಟ್ಟಿನ ಚಿತ್ರಗಳು ಧೈರ್ಯವೆಂದು ತೋರಿಸಿಕೊಳ್ಳುವ ವಿಷಯಗಳನ್ನು ಅಗ್ಗದ ಚಿತ್ರಗಳು ಮೊದಲೇ, ಅಲಂಕಾರವಿಲ್ಲದೆ ಮುಟ್ಟಿರುತ್ತವೆ ಎಂಬ ಕ್ಲೋವರ್ ಅವರ ಮಾತು ಇಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ.

ಇದೇ ಅಧ್ಯಾಯದಲ್ಲಿ ನಗರ ಮತ್ತು ಹಳ್ಳಿಯ ಕುರಿತ ಒಂದು ಉತ್ತಮ ಚರ್ಚೆಯಿದೆ. ಅಮೆರಿಕದ ಭಯಾನಕ ಚಿತ್ರಗಳಲ್ಲಿ ಪೇಟೆಯವರು ಹಳ್ಳಿಗಾಡಿಗೆ ಹೋಗುವುದು, ಅಲ್ಲಿನ ಹಲ್ಲುದುರಿದ, ಕೊಳಕು ಬಟ್ಟೆಯ ಬಡವರ ಕೈಗೆ ಸಿಕ್ಕಿ ನರಳುವುದು ಒಂದು ಸವೆದ ದಾರಿ. ಈ ಭಯದ ಅಡಿಯಲ್ಲಿ ತಪ್ಪಿತಸ್ಥ ಭಾವವಿದೆ ಎನ್ನುತ್ತಾರೆ ಕ್ಲೋವರ್. 1972ರ ‘ಡೆಲಿವರನ್ಸ್’ ಚಿತ್ರದಲ್ಲಿ ಪೇಟೆಯ ನಾಲ್ವರು ಗಂಡಸರು ನದಿಯನ್ನು ನೋಡಲು ಹೊರಡುವುದು ಅದು ಅಣೆಕಟ್ಟಿನಲ್ಲಿ ಮುಳುಗಿಹೋಗುವ ಮೊದಲು. ಆ ಅಣೆಕಟ್ಟು ಕಟ್ಟುತ್ತಿರುವುದು ಪೇಟೆಯ ಅಗತ್ಯಕ್ಕೆ, ಮುಳುಗುವುದು ಹಳ್ಳಿಯವರ ನೆಲ. ಪೇಟೆ ಮಾಡಿದ ಅನ್ಯಾಯವನ್ನು ಮುಚ್ಚಿಕೊಳ್ಳಲು ಹಳ್ಳಿಯವನನ್ನು ರಾಕ್ಷಸನನ್ನಾಗಿ ಮಾಡಬೇಕಾಗುತ್ತದೆ. ಅತ್ಯಾಚಾರಿಯನ್ನು ಬಡವನನ್ನಾಗಿ ಮಾಡುವ ಈ ರೂಢಿ ಹೆಣ್ಣಿನ ಪ್ರತೀಕಾರಕ್ಕೆ ಒಪ್ಪಿಗೆ ಗಳಿಸಿಕೊಡುತ್ತದೆ. ಅದೇ ಹೊತ್ತಿಗೆ ಸುಶಿಕ್ಷಿತ, ಸಂಭಾವಿತ ಗಂಡಸನ್ನು ಆರೋಪದಿಂದ ಪಾರುಮಾಡುತ್ತದೆ. ಲಿಂಗವನ್ನು ಬಿಟ್ಟು ವರ್ಗವನ್ನು, ವರ್ಗವನ್ನು ಬಿಟ್ಟು ಲಿಂಗವನ್ನು ಓದಲು ಬಾರದು ಎಂಬುದನ್ನು ಇಷ್ಟು ಚೊಕ್ಕವಾಗಿ ತೋರಿಸಿದ ಚಿತ್ರವಿಮರ್ಶೆ ಅಪರೂಪ.

ನಾಲ್ಕನೆಯ ಅಧ್ಯಾಯ ಕಣ್ಣಿನ ಬಗ್ಗೆ. 1960ರ ‘ಪೀಪಿಂಗ್ ಟಾಮ್’ ಚಿತ್ರವನ್ನು ಆಧಾರವಾಗಿಟ್ಟುಕೊಂಡು, ಆಕ್ರಮಿಸುವ ನೋಟ ಒಂದು, ಆಕ್ರಮಣಕ್ಕೆ ತೆರೆದುಕೊಳ್ಳುವ ನೋಟ ಇನ್ನೊಂದು, ಭಯಾನಕ ಚಿತ್ರ ಮೊದಲನೆಯದನ್ನು ಯಾವಾಗಲೂ ಸೋಲಿಸುತ್ತದೆ ಎಂದು ವಾದಿಸುತ್ತದೆ. ಮನೋವಿಶ್ಲೇಷಣೆಯ ಪರಿಭಾಷೆ ಇಲ್ಲಿ ದಟ್ಟವಾಗಿದೆ. ಫ್ರಾಯ್ಡ್ ಒಪ್ಪಿಗೆಯಾಗದವರು ಅರ್ಧದಲ್ಲೇ ಪುಸ್ತಕ ಕೆಳಗಿಡಬಹುದು.

ಕೊರತೆಗಳ ಮಾತಿಗೆ ಬಂದರೆ, ಎಲ್ಲಕ್ಕಿಂತ ದೊಡ್ಡದು ಹೆಣ್ಣು ಪ್ರೇಕ್ಷಕರ ಗೈರುಹಾಜರಿ. ಲೇಖಕಿ ಇದನ್ನು ಮರೆತದ್ದಲ್ಲ, ತಿಳಿದೇ ಬಿಟ್ಟದ್ದು. ಹುಡುಗರು ಏಕೆ ನೋಡುತ್ತಾರೆ ಎಂಬುದೇ ತಮ್ಮ ಪ್ರಶ್ನೆ ಎಂದು ಅವರು ಒಪ್ಪಿಕೊಂಡಿದ್ದಾರೆ. ಆದರೂ ಪುಟದ ಮೇಲೆ ಪುಟ ಓದುತ್ತ ಹೋದಂತೆ ಒಂದು ವಿಚಿತ್ರ ಸ್ಥಿತಿ ಎದುರಾಗುತ್ತದೆ: ತೆರೆಯ ಮೇಲಿನ ಹುಡುಗಿ ಹುಡುಗನ ಬದಲಿಗೆ ಬಂದವಳು, ತೆರೆಯ ಎದುರಿನವನೂ ಹುಡುಗ, ಹಾಗಾದರೆ ಹೆಣ್ಣಿನ ಬಗ್ಗೆ ಬರೆದ ಈ ಪುಸ್ತಕದಲ್ಲಿ ಹೆಣ್ಣು ಎಲ್ಲಿದ್ದಾಳೆ? ಈ ಚಿತ್ರಗಳನ್ನು ಮೆಚ್ಚಿ ನೋಡುವ ಹೆಂಗಸರು ಆಗಲೂ ಇದ್ದರು, ಈಗಂತೂ ಧಾರಾಳವಾಗಿದ್ದಾರೆ. ಲಾರಿ ಕಪಾಟಿನೊಳಗೆ ನಡುಗುವಾಗ ಅವರಿಗೆ ಏನಾಗುತ್ತದೆ ಎಂದು ತಿಳಿಯಲು ಇಸಬೆಲ್ ಪಿನೆಡೊ ಅವರ 1997ರ ‘ರಿಕ್ರಿಯೇಷನಲ್ ಟೆರರ್’ ಪುಸ್ತಕದ ಕಡೆ ಹೋಗಬೇಕು.

ಎರಡನೆಯ ಕೊರತೆ, ಹೆಣ್ಣು ಸ್ವತಃ ರಾಕ್ಷಸಿಯಾಗುವ ಚಿತ್ರಗಳಿಗೆ ಇಲ್ಲಿ ಸರಿಯಾದ ಜಾಗವಿಲ್ಲ. ‘ಫ್ರೈಡೇ ದ ಥರ್ಟೀನ್ತ್’ ಸರಣಿಯ ಮೊದಲ ಕೊಲೆಗಾರ್ತಿ ಮಗನನ್ನು ಕಳೆದುಕೊಂಡ ತಾಯಿ ಎಂಬುದನ್ನು ಆ ಸರಣಿಯ ಅಭಿಮಾನಿಗಳೂ ಮರೆತಿರುತ್ತಾರೆ. ಕ್ಲೋವರ್ ಅವಳನ್ನು ಗಮನಿಸುತ್ತಾರೆ, ಆದರೆ ಕೊಲೆಗಾರನೆಂದರೆ ಗಂಡು ಎಂಬ ಸೂತ್ರಕ್ಕೆ ಅವಳು ಅಪವಾದವಾಗಿಯೇ ಉಳಿಯುತ್ತಾಳೆ. ಮರುವರ್ಷವೇ, 1993ರಲ್ಲಿ, ಬಾರ್ಬರಾ ಕ್ರೀಡ್ ಅವರ ‘ದ ಮಾನ್‌ಸ್ಟ್ರಸ್ ಫೆಮಿನಿನ್’ ಬಂದು ಹೆಣ್ಣು ಭಯ ಪಡುವವಳಷ್ಟೇ ಅಲ್ಲ, ಭಯ ಹುಟ್ಟಿಸುವವಳೂ ಹೌದು ಎಂದು ಈ ತೆರಪನ್ನು ಬಹುಮಟ್ಟಿಗೆ ತುಂಬಿತು. ಎರಡನ್ನೂ ಜೊತೆಗಿಟ್ಟು ಓದಿದರೆ ಚಿತ್ರ ಪೂರ್ಣವಾಗುತ್ತದೆ. ಜನಾಂಗದ ವಿಷಯದಲ್ಲಂತೂ ಪುಸ್ತಕ ಬಹುತೇಕ ಮೌನವಾಗಿದೆ. ಬದುಕುಳಿಯುವ ಹುಡುಗಿ ಬಿಳಿಯಳೇ ಆಗಿರುತ್ತಾಳೆ ಎಂಬುದು ಪಟ್ಟಿಗೆ ಸೇರಲೇಬೇಕಾಗಿದ್ದ ರೂಢಿ. ಅಂಗಾಂಗ ಬಿಡಿಸಿ ನೋಡಿದ ಕಣ್ಣಿಗೆ ಅದು ಬೀಳದೆ ಹೋದದ್ದು ಆಶ್ಚರ್ಯ.

ಪುಸ್ತಕ ಬಂದ ಮೇಲಿನ ಮೂರು ದಶಕಗಳಲ್ಲಿ ರೂಢಿಗಳೂ ಸುಮ್ಮನೆ ಕುಳಿತಿಲ್ಲ. 1996ರ ‘ಸ್ಕ್ರೀಮ್’ ಚಿತ್ರದಲ್ಲಿ ಪಾತ್ರವೊಂದು ಬದುಕುಳಿಯುವ ನಿಯಮಗಳನ್ನು ಗೆಳೆಯರಿಗೆ ಪಾಠ ಹೇಳಿದಂತೆ ಒಪ್ಪಿಸುತ್ತದೆ, ನಾಯಕಿ ಆ ನಿಯಮಗಳಲ್ಲಿ ಮೊದಲನೆಯದನ್ನೇ ಮುರಿದು ಬದುಕುತ್ತಾಳೆ. ರೂಢಿ ತನ್ನನ್ನು ತಾನೇ ಗುರುತಿಸಿಕೊಂಡ ಮೇಲೆ ಅದರ ಮುಗ್ಧತೆ ಹೋಯಿತು. 2018ರ ‘ಹ್ಯಾಲೋವೀನ್’ನಲ್ಲಿ ಲಾರಿ ಅಜ್ಜಿಯಾಗಿ, ಮನೆಯನ್ನೇ ಕೋಟೆ ಮಾಡಿಕೊಂಡು, ಮಗಳೊಂದಿಗೆ ಸಂಬಂಧ ಕೆಡಿಸಿಕೊಂಡು ಕುಳಿತಿರುತ್ತಾಳೆ, ಬದುಕುಳಿದವಳ ಮುಂದಿನ ಬದುಕು ಹೇಗಿರುತ್ತದೆ ಎಂಬ ಪ್ರಶ್ನೆಯನ್ನು ಆ ಚಿತ್ರ ಕೇಳಿತು ಎಂಬುದಕ್ಕೆ ಅದರ ಉಳಿದ ದೋಷಗಳನ್ನು ಮನ್ನಿಸಬಹುದು. ಜೆನಿಫರ್ ಕೆಂಟ್ ಅವರ 2014ರ ‘ದ ಬಾಬಾಡುಕ್’, ಕೊರಾಲಿ ಫಾರ್ಜಾ ಅವರ 2024ರ ‘ದ ಸಬ್‌ಸ್ಟೆನ್ಸ್’ ಇಂಥ ಚಿತ್ರಗಳಲ್ಲಿ ಕ್ಯಾಮೆರಾದ ಹಿಂದೆಯೂ ಹೆಂಗಸರಿದ್ದಾರೆ. ತಾಯಿಯ ದಣಿವು, ವಯಸ್ಸಾಗುತ್ತಿರುವ ನಟಿಯ ದಿಗಿಲು ಇವು ಹುಡುಗರ ಭಯದ ಬದಲಿ ರೂಪಗಳೆಂದು ಹೇಳಲು ಯಾವ ಸಿದ್ಧಾಂತಕ್ಕೂ ಸಾಧ್ಯವಿಲ್ಲ. ಕ್ಲೋವರ್ ಅವರ ಚೌಕಟ್ಟು ಇಲ್ಲಿಗೆ ಬಂದು ನಿಲ್ಲುತ್ತದೆ. 2015ರ ಮುನ್ನುಡಿ ಸ್ವಲ್ಪ ಹೆಚ್ಚು ದೂರ ನಡೆದು ಬಂದಿದ್ದರೆ ಹೊಸ ಆವೃತ್ತಿಗೆ ಇನ್ನಷ್ಟು ಬೆಲೆ ಬರುತ್ತಿತ್ತು.

ಈ ಪುಸ್ತಕದ ಗದ್ಯ ವಿದ್ವತ್ ಗ್ರಂಥಗಳ ಮಟ್ಟದಲ್ಲಿ ನೋಡಿದರೆ ತಿಳಿಯಾಗಿದೆ, ಅಲ್ಲಲ್ಲಿ ಚೇಷ್ಟೆಯೂ ಇದೆ. ಸಿದ್ಧಾಂತದ ಅಭ್ಯಾಸವಿಲ್ಲದವರು ಮುದ್ರಿತ ಕ್ರಮವನ್ನು ಬಿಟ್ಟು ಮೊದಲ ಅಧ್ಯಾಯ, ಆಮೇಲೆ ಮೂರನೆಯದು, ಮನಸ್ಸಿದ್ದರೆ ಎರಡನೆಯದರಲ್ಲಿ ‘ದಿ ಎಕ್ಸಾರ್ಸಿಸ್ಟ್’ ಇರುವ ಭಾಗ, ಹೀಗೆ ಓದಬಹುದು; ನಾಲ್ಕನೆಯದನ್ನು ಮಲ್ವಿ ಅವರ ಪ್ರಬಂಧ ಓದಿದ ಮೇಲಷ್ಟೇ ಕೈಗೆತ್ತಿಕೊಳ್ಳುವುದು ಲೇಸು. ಚರ್ಚೆಯ ಕೇಂದ್ರದಲ್ಲಿರುವ ಚಿತ್ರಗಳಲ್ಲಿ ‘ಹ್ಯಾಲೋವೀನ್’, ‘ಟೆಕ್ಸಸ್ ಚೈನ್ ಸಾ’, ‘ಕ್ಯಾರಿ’ ಈ ಮೂರನ್ನಾದರೂ ನೋಡಿರದಿದ್ದರೆ ವಾದದ ಅರ್ಧ ಸ್ವಾರಸ್ಯ ಕೈತಪ್ಪುತ್ತದೆ. ಹಿಂಸೆಯ ವಿವರ ಸಹಿಸಲಾಗದವರು ಮೂರನೆಯ ಅಧ್ಯಾಯದಲ್ಲಿ ಚಿತ್ರಗಳ ಕಥಾಸಾರ ಬರುವ ಪುಟಗಳನ್ನು ದಾಟಿ, ನೇರವಾಗಿ ನಗರ ಮತ್ತು ಹಳ್ಳಿಯ ಚರ್ಚೆಗೆ ಹೋದರೂ ವಾದದ ಎಳೆ ತಪ್ಪುವುದಿಲ್ಲ. 1992ರ ಮುದ್ರಣ ಈಗಾಗಲೇ ಕಪಾಟಿನಲ್ಲಿರುವವರು ಹೊಸ ಮುನ್ನುಡಿಯೊಂದಕ್ಕಾಗಿ ಮತ್ತೆ ಕೊಳ್ಳಬೇಕಾಗಿಲ್ಲ.